ಅರಳದ ಅಂಟು: ವಿಜಯನಗರದ ಒಂದು ಅಡುಗೆಮನೆಯ ಪ್ರಕರಣ

ನಾಗರ ಪಂಚಮಿಗೆ ಇನ್ನೂ ಐದು ದಿನ ಇತ್ತು. ಬೆಳಿಗ್ಗೆ ಏಳಕ್ಕೆ ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಒಂದು ಫೋನ್ ಬಂತು. ಅವರು ಮರದ ಅಂಟು ಕರಿದು ಹಾಕಿದ ಉಂಡಿಗಳನ್ನು ಮನೆಯಲ್ಲೇ ಕಟ್ಟಿ ಮಾರುತ್ತಾರೆ. ಮಾತಾಡಿದ್ದು ಧಾರವಾಡ ಕಡೆಯ ಒಬ್ಬ ಅಜ್ಜಿ. ಈಗ ಮಗನ ಜೊತೆ ಬೆಂಗಳೂರಿನಲ್ಲಿದ್ದಾರೆ. ಹಲ್ಲು ಜಾಸ್ತಿ ಉಳಿದಿಲ್ಲ, ಹಾಗಾಗಿ ಉಂಡಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ. ಹಿಂದಿನ ರಾತ್ರಿಯೂ ನೆನೆಸಿಟ್ಟಿದ್ದರು. ಹಾಗೇ ನಿದ್ದೆ ಹತ್ತಿತು.

"ಬೆಳಿಗ್ಗಿ ಎದ್ದು ನೋಡ್ತೀನಿ, ವಾಟಿ ತುಂಬ ಲೋಳಿ ಲೋಳಿ ಉಬ್ಬಿ ಕುಂತೈತಿ ನೋಡವಾ. ಕರಿದ ಅಂಟು ಹಿಂಗ ಉಬ್ಬೂದಿಲ್ಲಲಾ. ಏನ್ ಹಾಕೀರಿ ಇದರಾಗ?"

ವೈನಿಗೆ ಕೈಕಾಲು ತಣ್ಣಗಾಯಿತು. ಹಿಂದಿನ ದಿನವೇ ಇಬ್ಬರು ಗಿರಾಕಿಗಳು "ಉಂಡೇಲಿ ಕಲ್ಲು ಸಿಕ್ತು" ಅಂದಿದ್ದರು. ಬೆಲ್ಲದ ಜೊತೆ ಬಂದ ಹರಳು ಇರಬೇಕು ಅಂತ ಅವರು ಸಮಾಧಾನ ಮಾಡಿಕೊಂಡಿದ್ದರು. ಅಜ್ಜಿಯ ಮಾತು ಕೇಳಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಕಲ್ಲು ಹಾಲಿನಲ್ಲಿ ಉಬ್ಬುವುದಿಲ್ಲ.

ಆಮೇಲೆ ನನಗೆ ಫೋನ್ ಮಾಡಿದರು. "ನೀ ಕೆಮಿಸ್ಟ್ರಿ ಕಲಸ್ತಿ ಅಲಾ, ಬಾ ಇಲ್ಲಿ. ನನಗ ಒಂದೂ ತಿಳೀವಲ್ದು." ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಅವತ್ತು ರಜೆ ಹಾಕಿ ಹೋದೆ. ಮುಂದಿನ ಐದು ದಿನಗಳಲ್ಲಿ ನಾವಿಬ್ಬರೂ ಕಂಡುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಉಂಡೆ ಕಟ್ಟಿ ಮಾರುವ ಹೆಣ್ಣುಮಕ್ಕಳು ಈ ಊರಲ್ಲಿ ತುಂಬ ಜನ ಇದ್ದಾರೆ. ಅವರಿಗೆ ಇದು ಗೊತ್ತಿರಲಿ ಅಂತ ನನ್ನ ಆಸೆ.

ಮನೆ, ಕೆಲಸ, ಆರ್ಡರ್

ವೈನಿಯ ತವರು ಬಾಗಲಕೋಟೆ ಜಿಲ್ಲೆಯ ಅಮೀನಗಡದ ಹತ್ತಿರದ ಒಂದು ಹಳ್ಳಿ. ಅಮೀನಗಡ ಅಂದರೆ ಕರದಂಟು. ಗೋಕಾಕ ಅಂದರೂ ಕರದಂಟು. ಆ ಹೆಸರಿನ ಒಳಗೇ ಅದರ ಅಡುಗೆ ಇದೆ. ಕರಿದ ಅಂಟು, ಕರದಂಟು. ಮರದಿಂದ ಒಸರಿದ ಅಂಟನ್ನು ತುಪ್ಪದಲ್ಲಿ ಕರಿದರೆ ಅದು ಅರಳಿನ ಹಾಗೆ ಉಬ್ಬಿ ಬೆಳ್ಳಗಾಗುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ಬೆಲ್ಲ ಸೇರುತ್ತವೆ. ಬಾಣಂತಿಗೆ ಅಂಟಿನ ಉಂಡಿ ಕೊಡದ ಮನೆ ನಮ್ಮ ಕಡೆ ಇಲ್ಲ.

ಬೆಂಗಳೂರಿಗೆ ಬಂದ ಹೊಸದರಲ್ಲಿ ವೈನಿಗೆ ಒಂದು ತೊಂದರೆ ಇತ್ತು. ಅಕ್ಕಪಕ್ಕದವರಿಗೆ ಅಂಟು ಅಂದರೆ ಗೊತ್ತಾಗುತ್ತಿರಲಿಲ್ಲ. ಗೋಂದು ಅಂದರೆ "ಅಯ್ಯೋ, ಕಾಗದ ಅಂಟಿಸೋದಲ್ವಾ, ಅದನ್ನ ತಿಂತೀರಾ?" ಅನ್ನುತ್ತಿದ್ದರು. ಅವರ ಮಾತೂ ಸುಳ್ಳಲ್ಲ. ಚಿಕ್ಕವರಿದ್ದಾಗ ನಾವೂ ಹೊಲದ ಬದುವಿನ ಜಾಲಿ ಗಿಡದಿಂದ ಅಂಟು ಕಿತ್ತು, ನೀರಲ್ಲಿ ನೆನೆಸಿ, ಪುಸ್ತಕಕ್ಕೆ ರಟ್ಟು ಅಂಟಿಸುತ್ತಿದ್ದೆವು. ಅದೇ ಅಂಟಿನ ಒಂದು ತುಂಡು ಬಾಯಲ್ಲೂ ಇರುತ್ತಿತ್ತು.

ಈಗ ವಿಜಯನಗರ, ರಾಜಾಜಿನಗರ, ಚಂದ್ರಾ ಲೇಔಟ್ ಕಡೆಯ ಉತ್ತರ ಕರ್ನಾಟಕದ ಮನೆಗಳಿಗೆ ವೈನಿಯೇ ಪಂಚಮಿ ಉಂಡಿ ಕೊಡುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ಲಡಕಿ ಉಂಡಿ ಎಲ್ಲ ಇವೆ. ಆದರೆ ಜಾಸ್ತಿ ಹೋಗುವುದು ಅಂಟಿನ ಉಂಡಿ. ಆ ಸಲ 60 ಡಬ್ಬಿ ಆರ್ಡರ್ ಇತ್ತು. ಒಂದು ಡಬ್ಬಿ ಕಾಲು ಕಿಲೋ, ಬೆಲೆ 250 ರೂಪಾಯಿ. ಒಟ್ಟು 15 ಕಿಲೋ. ಕಿಲೋಗೆ 100 ಗ್ರಾಂ ಅಂಟು ಅಂತ ಅವರ ಲೆಕ್ಕ. ಹಾಗಾಗಿ ಪೇಟೆಯ ಒಂದು ಸಗಟು ಗ್ರಂಧಿಗೆ ಅಂಗಡಿಯಿಂದ 2 ಕಿಲೋ ತಂದಿದ್ದರು. ಪ್ರತಿ ಸಲ ಇಡೀ ಹರಳು ತರುತ್ತಿದ್ದವರು ಈ ಸಲ ಚೂರು ತಂದರು. ಬೆಲೆ ಸ್ವಲ್ಪ ಕಡಿಮೆ, ಕುಟ್ಟುವ ಕೆಲಸವೂ ಉಳಿಯುತ್ತದೆ. ಚೂರು ಬೇಗ ಅರಳುತ್ತದೆ ಅನ್ನುವುದೂ ನಿಜ.

ಅಜ್ಜಿಯ ಫೋನ್ ಬರುವ ಹೊತ್ತಿಗೆ 36 ಡಬ್ಬಿ ತಯಾರಾಗಿತ್ತು. ಅದರಲ್ಲಿ 22 ಮನೆ ಮುಟ್ಟಿದ್ದವು. 14 ಮನೆಯಲ್ಲೇ ಇದ್ದವು. ಅಂಟು ಇನ್ನೂ 1 ಕಿಲೋ 100 ಗ್ರಾಂ ಉಳಿದಿತ್ತು. ಈ ಉಳಿದ ಅಂಟೇ ನಮ್ಮನ್ನು ಕಾಪಾಡಿದ್ದು. ಅದು ಖಾಲಿಯಾಗಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.

ಮೊದಲ ಊಹೆ ತಪ್ಪಾಯಿತು

ನನ್ನ ತಲೆಗೆ ಮೊದಲು ಬಂದಿದ್ದು ತೇವ. ಆಷಾಢ ಮುಗಿದು ಶ್ರಾವಣ ಶುರುವಾಗುವ ಹೊತ್ತು. ಬೆಂಗಳೂರಲ್ಲಿ ಹದಿನೈದು ದಿನದಿಂದ ಬಿಸಿಲೇ ಇಲ್ಲ, ಜಿಟಿಜಿಟಿ ಮಳೆ. ಅಂಟು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಅಂಟು ಅರಳುವುದಕ್ಕೂ ನೀರೇ ಕಾರಣ. ಒಣಗಿದ ಅಂಟಿನಲ್ಲೂ ಸಾಮಾನ್ಯವಾಗಿ ಶೇ. 12–15ರಷ್ಟು ನೀರು ಉಳಿದಿರುತ್ತದೆ. ಬಿಸಿ ತುಪ್ಪಕ್ಕೆ ಬಿದ್ದ ಕೂಡಲೇ ಅಂಟು ಮೆತ್ತಗಾಗುತ್ತದೆ, ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ತುಂಡು ನೊರೆಯ ಹಾಗೆ ಉಬ್ಬಿ ಅಲ್ಲೇ ಗಟ್ಟಿಯಾಗುತ್ತದೆ. ನೀರು ಹದವಾಗಿದ್ದರೆ ಒಳಗಿನವರೆಗೂ ಅರಳುತ್ತದೆ. ಜಾಸ್ತಿಯಾದರೆ ಒಳಗೆ ಹಸಿ ಉಳಿದು ಹಲ್ಲಿಗೆ ಮೆತ್ತುತ್ತದೆ. ತುಪ್ಪ ವಿಪರೀತ ಕಾದಿದ್ದರೆ ಹೊರಗೆ ಕೆಂಪಾಗಿ ನಡುವೆ ಕಲ್ಲು ಉಳಿಯುತ್ತದೆ. ಕಾಯದೇ ಇದ್ದರೆ ತುಂಡು ಸುಮ್ನೆ ತುಪ್ಪ ಕುಡಿದು ಕೂರುತ್ತದೆ.

ಉಳಿದ ಅಂಟಿನಲ್ಲಿ ಒಂದು ಹಿಡಿ ತೆಗೆದು, ಬೆಚ್ಚಗಿನ ತವೆಯ ಮೇಲೆ ಹರಡಿ, ಮೂರು ಗಂಟೆ ಒಣಗಿಸಿದೆವು. ಆಮೇಲೆ ವೈನಿಯೇ ಕರಿದರು. ಮಧ್ಯಮ ಉರಿ, ಒಂದು ಸಲಕ್ಕೆ ಒಂದು ಚಮಚ. ಅವರ ಕೈ ತಪ್ಪುವುದಿಲ್ಲ ಅಂತ ನನಗೆ ಗೊತ್ತು.

ಜಾಸ್ತಿ ತುಂಡುಗಳು ಚೆನ್ನಾಗಿಯೇ ಅರಳಿದವು. ಆದರೆ ಅದೇ ಬಾಣಲೆಯಲ್ಲಿ, ಅದೇ ತುಪ್ಪದಲ್ಲಿ, ಅವುಗಳ ಪಕ್ಕದಲ್ಲೇ ಕೆಲವು ತುಂಡು ಅರಳಲೇ ಇಲ್ಲ. ಬಣ್ಣ ತಿರುಗಿತು, ಅಷ್ಟೇ. "ಇವು ಬ್ಯಾರೇನ ಅದಾವು" ಅಂದರು ವೈನಿ, ಜಾಲರಿ ಸೌಟಿನಲ್ಲಿ ಅವನ್ನು ಎತ್ತಿ ಹಿಡಿದು. ತೇವ ಕಾರಣವಾಗಿದ್ದರೆ ಎಲ್ಲ ತುಂಡಿಗೂ ಹೀಗೇ ಆಗಬೇಕಿತ್ತು. ಉರಿ ಕಾರಣವಾಗಿದ್ದರೂ ಅಷ್ಟೇ. ಆರ್ಡರ್ ಅವಸರದಲ್ಲಿ ಕರಿಯುವ ಕೆಲಸವನ್ನು ಇಬ್ಬರು ಸಹಾಯಕಿಯರಿಗೆ ಬಿಟ್ಟಿದ್ದರು. ಅವರು ಕರಿದಿದ್ದನ್ನೆಲ್ಲ ವಾಟಿಯ ತಳದಿಂದ ಒತ್ತಿ ಪುಡಿ ಮಾಡಿದ್ದರು. ಅರಳಿದ್ದರ ಪುಡಿಯಲ್ಲಿ ಅರಳದ ಚೂರು ಮುಚ್ಚಿಹೋಗಿತ್ತು. ಆ ಹೆಣ್ಣುಮಕ್ಕಳದ್ದು ತಪ್ಪಿಲ್ಲ. ನಾನು ಕರಿದಿದ್ದರೆ ನನಗೂ ಕಾಣುತ್ತಿರಲಿಲ್ಲ.

ಪಡ್ಡಿನ ಹಂಚಿನ ಪರೀಕ್ಷೆ

ಅಜ್ಜಿಯ ವಾಟಿಯೇ ದಾರಿ ತೋರಿಸಿತ್ತು. ನೀರಿನಲ್ಲಿ ಅಂಟು ಏನು ಮಾಡುತ್ತದೆ ಅಂತ ನೋಡಬೇಕು. ಒಂದೊಂದು ತುಂಡೂ ಬೇರೆ ಬೇರೆ ಇರಬೇಕು. ಅಷ್ಟು ಸಣ್ಣ ಬಟ್ಟಲು ಎಲ್ಲಿಂದ ತರೋದು ಅಂತ ಯೋಚಿಸುವಾಗ ವೈನಿ ಎರಡು ಪಡ್ಡಿನ ಹಂಚು ತಂದಿಟ್ಟರು. ಒಂದಕ್ಕೆ 12 ಗುಳಿ. ಒಂದೊಂದರಲ್ಲಿ ಒಂದೊಂದು ತುಂಡು ಇಟ್ಟು, ಮೂರು ಚಮಚ ನೀರು ಹಾಕಿ, ತಟ್ಟೆ ಮುಚ್ಚಿ ರಾತ್ರಿಯಿಡೀ ಬಿಟ್ಟೆವು.

ಬೆಳಿಗ್ಗೆ 24ರಲ್ಲಿ 14 ಗುಳಿಯಲ್ಲಿ ತುಂಡೇ ಇರಲಿಲ್ಲ. ಜೇನಿನ ಬಣ್ಣದ ನೀರು, ತಳದಲ್ಲಿ ತೊಗಟೆಯ ನಾರು. 3 ಗುಳಿಯಲ್ಲಿ ನೀರು ಗಂಜಿಯ ಹಾಗೆ ಮಂದವಾಗಿತ್ತು, ಅಡಿಯಲ್ಲಿ ಕರಗದ ಸ್ವಲ್ಪ ಲೋಳೆ ಕೂತಿತ್ತು. ಉಳಿದ 7 ಗುಳಿಯಲ್ಲಿ ನೀರೇ ಇಲ್ಲ! ತುಂಡು ಎಲ್ಲ ನೀರನ್ನೂ ಕುಡಿದು ಗುಳಿಯ ಅಂಚಿನವರೆಗೆ ಉಬ್ಬಿ ನಿಂತಿತ್ತು.

ವೈನಿ ಒಂದನ್ನು ಬೆರಳಲ್ಲಿ ಎತ್ತಿದರು. "ಇದು ಬ್ಯಾಸಿಗ್ಯಾಗ ಶರಬತ್ತಿಗೆ ಹಾಕತಾರಲಾ, ಅದು!"

ಹೌದು. ಅದು ಕಟೀರಾ. ಬೆಂಗಳೂರಿನಲ್ಲಿ ಬೇಸಿಗೆ ಬಂದರೆ ಹಾಲು, ಶರಬತ್ತಿಗೆ ಹಾಕುವ ಪದಾರ್ಥ. ಅದನ್ನು ನೆನೆಸಿಯೇ ತಿನ್ನಬೇಕು, ಕರಿಯುವಂಥದ್ದಲ್ಲ. ಉಬ್ಬಿದ ತುಂಡುಗಳನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿಟ್ಟು ಮಧ್ಯಾಹ್ನ ತೆಗೆದೆ. ಸಣ್ಣಗೆ ವಿನಿಗರ್ ವಾಸನೆ ಬಂತು. ಕಟೀರಾ ಅಂತ ಮಾರುವ ಕರಾಯ ಜಾತಿಯ ಅಂಟಿನ ಗುರುತೇ ಅದು. ಅದರ ಅಣುಗಳಿಗೆ ಅಸಿಟೈಲ್ ಗುಂಪುಗಳು ಅಂಟಿಕೊಂಡಿರುತ್ತವೆ. ತೇವದಲ್ಲಿ ಅವು ನಿಧಾನಕ್ಕೆ ಬಿಟ್ಟುಕೊಂಡು ಅಸಿಟಿಕ್ ಆಮ್ಲವಾಗುತ್ತವೆ. ವಿನಿಗರ್‌ನ ಹುಳಿಯೂ ಅದೇ ಆಮ್ಲದ್ದು.

ಕರಗಿದ 14 ತುಂಡಿನ ನೀರನ್ನು ಸೋಸಿ ಕಾಲೇಜಿಗೆ ತಗೊಂಡು ಹೋದೆ. ನಮ್ಮಲ್ಲಿ ಪೋಲರಿಮೀಟರ್ ಇದೆ. ಸಕ್ಕರೆ ದ್ರಾವಣದಲ್ಲಿ ಬೆಳಕು ಯಾವ ಕಡೆ ತಿರುಗುತ್ತದೆ ಅಂತ ಮಕ್ಕಳಿಗೆ ತೋರಿಸುವ ಉಪಕರಣ. ಅಂಟಿನಲ್ಲೂ ಅದು ಕೆಲಸ ಮಾಡುತ್ತದೆ. ಸುಡಾನ್ ದೇಶದ ಒಳ್ಳೆಯ ಅಂಟು, ಅಂದರೆ ಅಕೇಶಿಯಾ ಸೆನೆಗಲ್ ಮರದ್ದು, ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ. ನಮ್ಮ ಕರಿಜಾಲಿಯ ಅಂಟು ಬಲಕ್ಕೆ ತಿರುಗಿಸುತ್ತದೆ. ಕಣ್ಣಿಗೆ ಎರಡೂ ಒಂದೇ. ನಮ್ಮ ಚೀಲದ್ದು ಬಲಕ್ಕೆ ತಿರುಗಿತು. ಅಂದರೆ ಬಹುಪಾಲು ಜಾಲಿ. ಗಂಜಿಯಂತಾದ ಆ ಮೂರು ತುಂಡು ಬೇರೊಂದು ಮರದ, ಗಮ್ ಘಟ್ಟಿ ಅನ್ನುವ ಅಂಟು ಅನ್ನಿಸಿತು. ಅದು ಪೂರ್ತಿ ಕರಗದೆ ಹೀಗೇ ಮಂದವಾಗುತ್ತದೆ.

ಒಂದು ಚೀಲ, ಅದರಲ್ಲಿ ಮೂರು ಬಗೆಯ ಮರ. ಚೀಲದ ಮೇಲೆ ಇದ್ದಿದ್ದು ಒಂದೇ ಪದ, ಗೋಂದ.

ಅಂಗಡಿಯಲ್ಲಿ

ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿದೆವು. ವೈನಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವರಿಗೆ ಜಗಳ ಬೇಡವಾಗಿತ್ತು. ಎಂಟು ವರ್ಷದಿಂದ ಅದೇ ಅಂಗಡಿ.

ಅಂಗಡಿಯವರು ನಮ್ಮ ಪಡ್ಡಿನ ಹಂಚಿನ ಫೋಟೋ ನೋಡಿ ಸಿಟ್ಟಾಗಲಿಲ್ಲ. ಹಿಂದಿನ ಕೋಣೆಗೆ ಕರೆದರು. ಅಲ್ಲಿ ಚೀಲಗಳ ಸಾಲು. ಒಂದು ಚೀಲ ಬಬೂಲ್, ಅಂದರೆ ಜಾಲಿ. ಒಂದು ಧಾವಡಾ. ಒಂದಕ್ಕೆ ಅವರು ಸುಮ್ನೆ "ಆಫ್ರಿಕಾ ಮಾಲು" ಅಂದರು. ಕಟೀರಾ ಬೇರೆ ಪೆಟ್ಟಿಗೆಯಲ್ಲಿತ್ತು. ಇಡೀ ಹರಳಿನಲ್ಲಿ ಇವನ್ನು ಗುರುತಿಸುವುದು ಕಷ್ಟವಲ್ಲ. ಜಾಲಿಯದು ಕಂದು, ಉಂಡೆ ಉಂಡೆ, ಗಾಜಿನ ಹಾಗೆ ಒಡೆಯುತ್ತದೆ. ಕಟೀರಾ ಮಾಸಲು ಬಿಳಿ, ಚಕ್ಕೆ ಚಕ್ಕೆ, ಬೆಳಕು ಅಷ್ಟಾಗಿ ದಾಟುವುದಿಲ್ಲ.

ಹಾಗಾದರೆ ಕೂಡಿದ್ದು ಹೇಗೆ? ಉತ್ತರ ಕೊಟ್ಟಿದ್ದು ಅಂಗಡಿಯ ಹುಡುಗ. "ಜರಡಿ ಹಿಡಿದಾಗ ಕೆಳಗೆ ಬೀಳುತ್ತಲ್ಲ ಮೇಡಂ, ಆ ಚೂರು ಎಲ್ಲ ಒಂದೇ ಚೀಲಕ್ಕೆ ಹಾಕ್ತೀವಿ." ದೊಡ್ಡ ಹರಳಿಗೆ ಒಂದು ದರ, ನಡುವಿನದಕ್ಕೆ ಒಂದು ದರ. ಹಾಗಾಗಿ ಪ್ರತಿ ಚೀಲವನ್ನೂ ಜರಡಿ ಹಿಡಿಯುತ್ತಾರೆ. ಉಳಿದ ಚೂರು ಯಾವ ಮರದ್ದಾದರೂ ಚೂರೇ. ಒಡೆದ ಮೇಲೆ ಆಕಾರವೂ ಹೋಗುತ್ತದೆ, ಬಣ್ಣವೂ ಬಿಳಿಚುತ್ತದೆ. ಪುಡಿಯಾದ ಜಾಲಿ, ಪುಡಿಯಾದ ಕಟೀರಾ ಅಕ್ಕಪಕ್ಕ ಇಟ್ಟರೆ ವೈನಿಯಂಥ ಕಣ್ಣಿಗೂ ಗೊತ್ತಾಗಲಿಲ್ಲ.

ಇದರಲ್ಲಿ ಮೋಸ ಇದೆ ಅಂತ ನನಗೆ ಅನ್ನಿಸಲಿಲ್ಲ. ಎಲ್ಲಕ್ಕೂ ಗೋಂದ ಅನ್ನುವ ಒಂದೇ ಹೆಸರು ಸಾಕು ಅಂದುಕೊಂಡಿದ್ದೇ ಇಲ್ಲಿಯ ತಪ್ಪು. ಅಂಟಿಸುವ ಕೆಲಸಕ್ಕೆ, ಶರಬತ್ತಿಗೆ, ಉಂಡಿಗೆ ಬೇಕಾಗುವ ಅಂಟು ಒಂದೇ ಅಲ್ಲ. ಸಗಟು ಅಂಗಡಿಯವರು ಚೀಲದ ಮೇಲೆ ಮರದ ಹೆಸರು ಬರೆಯಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅದಕ್ಕೆ ಒಂದು ಪೆನ್ನು ಸಾಕು. ಚೂರನ್ನು ಬೇರೆ ಬೇರೆ ಇಡಲು ನಾಲ್ಕು ಡಬ್ಬ ಸಾಕು.

ಪರೀಕ್ಷೆಗೆ ಬಳಸಿ ಉಳಿದ ಅಂಟನ್ನು ಅಂಗಡಿಯವರು ವಾಪಸ್ ತಗೊಂಡು ಅದರ ದುಡ್ಡು ಕೊಟ್ಟರು. ತುಪ್ಪ, ಬಾದಾಮಿ, ಗೋಡಂಬಿಯ ನಷ್ಟದ ಮಾತು ಎತ್ತಿದಾಗ ಮಾತ್ರ ತಲೆ ಅಲ್ಲಾಡಿಸಿದರು. ವೈನಿ ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೆಸರು ಎಲ್ಲಿ ಕಳೆದುಹೋಗುತ್ತದೆ

ಈ ಚೀಲಗಳ ಹಿಂದಿನ ದಾರಿ ತಿಳಿದರೆ ಸಮಸ್ಯೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಮರಕ್ಕೆ ಗಾಯವಾದಾಗ ಅಂಟು ಒಸರುತ್ತದೆ. ಒಣಗಿ ಹರಳಾಗುತ್ತದೆ. ನೀರಿನಲ್ಲಿ ಕರಗುವ ಅಥವಾ ಉಬ್ಬುವ ವಸ್ತು ಇದು. ಧೂಪಕ್ಕೆ ಹಾಕುವ ರಾಳ, ಹಾಲುಮಡ್ಡಿ ನೀರಿನಲ್ಲಿ ಕರಗುವುದಿಲ್ಲ. ಅವುಗಳ ಲೋಕವೇ ಬೇರೆ. ಅಂಟು ಬಿಡಿಸುವ ಕಾಲ ಒಣ ಕಾಲ. ಮಳೆ ಬಂದರೆ ಮರದ ಮೇಲಿನ ಹರಳು ಕರಗಿ ಹರಿದುಹೋಗುತ್ತದೆ. ಹಾಗಾಗಿ ಪಂಚಮಿಗೆ ನಾವು ಕೊಳ್ಳುವುದು ಬೇಸಿಗೆಯಲ್ಲಿ ಅಥವಾ ಅದಕ್ಕೂ ಮೊದಲು ಕಿತ್ತು ದಾಸ್ತಾನಿಟ್ಟ ಮಾಲು. ನಾಲ್ಕು ಕೈ ಬದಲಿ ಬಂದಿರುತ್ತದೆ.

"ಆಫ್ರಿಕಾ ಮಾಲು" ಅಂದಿದ್ದು ಸುಡಾನ್, ಚಾಡ್, ನೈಜೀರಿಯಾ ಕಡೆಯದು. ಅರಬರ ಬಂದರುಗಳ ಮೂಲಕ ಯೂರೋಪಿಗೆ ಹೋಗುತ್ತಿದ್ದ ಕಾರಣ ಅದಕ್ಕೆ ಗಮ್ ಅರೇಬಿಕ್ ಅಂತ ಹೆಸರು ಬಿತ್ತು. ಮಳೆಗಾಲ ಮುಗಿದು ಎಲೆ ಉದುರುವಾಗ ಸುಡಾನ್ ರೈತರು ಕೊಂಬೆಯ ತೊಗಟೆಯನ್ನು ತೆಳುವಾಗಿ ಸೀಳುತ್ತಾರೆ. ಕೆಲವು ವಾರ ಬಿಟ್ಟು ಬಂದು ಹರಳು ಕೀಳುತ್ತಾರೆ. ಒಂದು ಮರಕ್ಕೆ ವರ್ಷಕ್ಕೆ ಕಾಲು ಕಿಲೋ ಆಸುಪಾಸು ಸಿಗುತ್ತದೆ. ನಾವು ಕುಡಿಯುವ ಎಷ್ಟೋ ತಂಪು ಪಾನೀಯಗಳ ಬಾಟಲಿಯಲ್ಲಿ 414 ಅನ್ನುವ ಸಂಖ್ಯೆ ಇರುತ್ತದೆ. ಅದು ಇದೇ ಅಂಟು. ಜಗತ್ತಿಗೆ ಇದು ಎಷ್ಟು ಬೇಕು ಅಂದರೆ, 1997ರಲ್ಲಿ ಅಮೆರಿಕ ಸುಡಾನ್ ಮೇಲೆ ವ್ಯಾಪಾರ ನಿರ್ಬಂಧ ಹಾಕಿದಾಗಲೂ ಅಂಟನ್ನು ಮಾತ್ರ ಹೊರಗಿಟ್ಟಿತು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಅಂಟು ಕೀಳುವ ಆ ರೈತರ ಗತಿ ನೆನೆದರೆ ಸಂಕಟವಾಗುತ್ತದೆ.

ಕಟೀರಾದ ಹೆಸರು ಇನ್ನೂ ಗೊಂದಲದ್ದು. ಒಂದು ಕಾಲಕ್ಕೆ ಇರಾನಿನಿಂದ ಬರುತ್ತಿದ್ದ ಟ್ರಾಗಕಾಂತ್ ಅಂಟಿಗೂ ಕಟೀರಾ ಅಂತಲೇ ಹೆಸರು. ನಮ್ಮ ದೇಶದ ಕರಾಯ ಮರದ ಅಂಟನ್ನೂ ಅದೇ ಹೆಸರಲ್ಲಿ ಮಾರುತ್ತಾರೆ. ಅರಿಶಿನ ಬೂರುಗದ ಅಂಟನ್ನೂ ಮಾರುತ್ತಾರೆ. ನಮ್ಮ ಚೀಲದಲ್ಲಿದ್ದದ್ದು ಕೊನೆಯ ಎರಡರಲ್ಲಿ ಒಂದು.

ಕರಾಯ ಮರಕ್ಕೆ ಆಂಧ್ರದಲ್ಲಿ ತಪಸಿ ಅನ್ನುತ್ತಾರೆ. ಅಲ್ಲಿ ಗಿರಿಜನರಿಂದ ಅಂಟು ಮತ್ತು ಕಾಡಿನ ಬೇರೆ ಕಿರು ಉತ್ಪನ್ನ ಕೊಳ್ಳಲು ವಿಶಾಖಪಟ್ಟಣದಲ್ಲಿ ಗಿರಿಜನ ಸಹಕಾರಿ ನಿಗಮ ಇದೆ. 1956ರಲ್ಲಿ ಶುರುವಾಗಿದ್ದು. ಹಿಂದೆ ಕೊಡಲಿಯಿಂದ ಮರವನ್ನು ಆಳವಾಗಿ ಕೊಚ್ಚಿ ಅಂಟು ಇಳಿಸುತ್ತಿದ್ದರು. ಎಷ್ಟೋ ಮರ ಒಣಗಿ ಸತ್ತವು. ಆಮೇಲೆ ತೊಗಟೆಯನ್ನು ಮಾತ್ರ ತೆಳುವಾಗಿ ಕೆತ್ತುವುದು, ಕೆಳಗೆ ಬಟ್ಟಲು ಹಿಡಿದು ಮಣ್ಣು ತಾಗದಂತೆ ತೆಗೆಯುವುದು, ಬಣ್ಣ ನೋಡಿ ಅಲ್ಲೇ ವಿಂಗಡಿಸುವುದು ಇವನ್ನೆಲ್ಲ ಕಲಿಸಿದರು. ಬೆಳ್ಳಗಿನ, ತೊಗಟೆ ಇಲ್ಲದ ಅಂಟಿಗೆ ಜಾಸ್ತಿ ಬೆಲೆ. ಅಂದರೆ ಕೀಳುವ ಹೆಂಗಸಿಗೆ ಮರ ಯಾವುದು, ದರ್ಜೆ ಯಾವುದು ಎಲ್ಲ ಗೊತ್ತು. ಮರದ ಕೆಳಗೆ ಹೆಸರು ಇದ್ದೇ ಇರುತ್ತದೆ. ಕಳೆದುಹೋಗುವುದು ನಮ್ಮ ಊರಿನ ಜರಡಿಯ ಕೆಳಗೆ.

ನನಗೆ ಎಲ್ಲಕ್ಕಿಂತ ಬೇಸರ ತಂದಿದ್ದು ಧಾವಡಾ ಚೀಲ. ಮಹಾರಾಷ್ಟ್ರದಲ್ಲಿ ಡಿಂಕಿನ ಲಾಡುಗೆ, ಅಂದರೆ ಅವರ ಅಂಟಿನ ಉಂಡಿಗೆ, ಇದೇ ಬೇಕು ಅನ್ನುತ್ತಾರೆ. ಮನೆಗೆ ಬಂದು ಸಸ್ಯದ ಹೆಸರು ನೋಡಿದರೆ ಅದು ನಮ್ಮ ದಿಂಡಿಗ! ಬಿಳಿಗಿರಿರಂಗನ ಬೆಟ್ಟ, ಬಂಡೀಪುರದ ಒಣ ಕಾಡುಗಳಲ್ಲಿ ತುಂಬ ಇರುವ ಮರ. ಜಗತ್ತಿನ ಮಾರುಕಟ್ಟೆಯಲ್ಲಿ ಅದರ ಹೆಸರು ಗಮ್ ಘಟ್ಟಿ. ಘಾಟಿಗಳನ್ನು ದಾಟಿ ಬರುತ್ತಿದ್ದ ಅಂಟು, ಅದಕ್ಕೆ ಘಟ್ಟಿ. ಇಷ್ಟು ವರ್ಷ ಅಂಟಿನ ಉಂಡಿ ತಿಂದ ನನಗೂ, ಮಾರಿದ ಅಂಗಡಿಯವರಿಗೂ ಇದರ ಕನ್ನಡ ಹೆಸರು ಗೊತ್ತಿರಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಇಂಥ ಕಿರು ಉತ್ಪನ್ನಗಳ ಮೇಲೆ ಕಾಡಿನ ಜನರಿಗೆ ಒಡೆತನ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ತಮ್ಮ ಸಾಮುದಾಯಿಕ ಹಕ್ಕು ಪಡೆದರು. ಅವರ ಕಾಡಿನ ಜೇನು ನೆಲ್ಲಿಕಾಯಿ ಅಂದರೆ ಬೆಂಗಳೂರಿನವರು ಹುಡುಕಿ ಕೊಳ್ಳುತ್ತಾರೆ. ಅದೇ ಕಾಡಿನ ಮರದ ಅಂಟಿಗೆ ನಮ್ಮ ನಾಲಿಗೆಯಲ್ಲಿ ಹೆಸರೇ ಇಲ್ಲ.

ಮತ್ತೆ ಬಾಣಲೆ

ಅಂಗಡಿಯಿಂದ ಬರುವಾಗ ಧಾವಡಾ ಮತ್ತು ಆಫ್ರಿಕಾದ ಇಡೀ ಹರಳು ನೂರು ನೂರು ಗ್ರಾಂ ಮಾತ್ರ ತಂದಿದ್ದೆವು. ಆ ರಾತ್ರಿ ಮತ್ತೆ ಪಡ್ಡಿನ ಹಂಚು. ಆಫ್ರಿಕಾದ್ದು ಪೂರ್ತಿ ಕರಗಿತು. ಕಾಲೇಜಿನಲ್ಲಿ ನೋಡಿದರೆ ಬೆಳಕನ್ನು ಎಡಕ್ಕೆ ತಿರುಗಿಸಿತು. ದಿಂಡಿಗ ಮಂದವಾಗಿ ಕರಗಿ ಸ್ವಲ್ಪ ಲೋಳೆ ಉಳಿಸಿತು. ಯಾವ ಗುಳಿಯೂ ತುಂಬಿ ನಿಲ್ಲಲಿಲ್ಲ. ಕರಿದರೆ ಎರಡೂ ಚೆನ್ನಾಗಿ ಅರಳಿದವು. ವೈನಿಗೆ ದಿಂಡಿಗ ಹಿಡಿಸಿತು. "ಇದು ಹಗುರ ಅರಳತೈತಿ, ಹಲ್ಲಿಗಿ ಮೆತ್ತೂದಿಲ್ಲ" ಅಂದರು. ಮರುದಿನ ಒಂದೂವರೆ ಕಿಲೋ ದಿಂಡಿಗ ತಂದರು. ಹರಳನ್ನು ಕಡಲೆಕಾಳಿನ ಗಾತ್ರಕ್ಕೆ ಕುಟ್ಟಿ, ತವೆಯ ಬಿಸಿಯಲ್ಲಿ ಒಣಗಿಸಿ, ತಾವೇ ನಿಂತು ಕರಿದರು.

ಅದಕ್ಕೂ ಮೊದಲು ಒಂದು ಕಷ್ಟದ ಕೆಲಸ ಇತ್ತು. 22 ಮನೆಗೂ ಫೋನ್ ಮಾಡುವುದು. ಅಜ್ಜಿಯ ಫೋನ್ ಬಂದ ದಿನ ಸಂಜೆಯೇ ಮಾಡಿದರು. ಕಾರಣ ಇನ್ನೂ ಗೊತ್ತಿರಲಿಲ್ಲ. ಆದರೂ "ತಿನಬ್ಯಾಡ್ರಿ, ಅಂಟಿನಾಗ ಏನೋ ದೋಷ ಐತಿ, ವಯಸ್ಸಾದವರಿಗಿ ಮಕ್ಕಳಿಗಿ ಕೊಡಲೇಬ್ಯಾಡ್ರಿ" ಅಂದರು. ಇದು ಸರಿಯಾದ ನಿರ್ಧಾರ. ಕರಾಯ ವಿಷವಲ್ಲ. 416 ಅನ್ನುವ ಸಂಖ್ಯೆಯಲ್ಲಿ ಆಹಾರದಲ್ಲಿ ಬಳಸುತ್ತಾರೆ. ಆದರೆ ಒಣ ತುಂಡು ಗಂಟಲಲ್ಲಿ ಸಿಕ್ಕಿ ನೀರು ಕುಡಿದು ಉಬ್ಬಿದರೆ ಅಪಾಯ. ಬಾಣಂತಿ, ಅಜ್ಜಿ, ಮಗು ತಿನ್ನುವ ಪದಾರ್ಥದಲ್ಲಿ ಕಾರಣ ಸಿಗುವವರೆಗೆ ಕಾಯುವ ಹಾಗಿಲ್ಲ.

22ರಲ್ಲಿ 9 ಮನೆಯವರು ದುಡ್ಡು ವಾಪಸ್ ತಗೊಂಡರು. 2,250 ರೂಪಾಯಿ. ಉಳಿದ 13 ಮನೆಯವರು ಹೊಸ ಉಂಡಿ ಕೇಳಿದರು. ಬಾಕಿ ಆರ್ಡರ್ 38. ಒಟ್ಟು 51 ಡಬ್ಬಿ, ಎರಡೂವರೆ ದಿನದಲ್ಲಿ. ಅಣ್ಣ ಕೊಬ್ಬರಿ ತುರಿದ. ನಾನು ಉತ್ತತ್ತಿ ಬೀಜ ತೆಗೆದೆ. ಸಹಾಯಕಿಯರು ರಾತ್ರಿ ಹತ್ತರವರೆಗೆ ಇದ್ದರು. ಪಂಚಮಿಯ ಹಿಂದಿನ ಸಂಜೆ ಕೊನೆಯ ಡಬ್ಬಿ ಹೋಯಿತು.

ಮನೆಯಲ್ಲಿದ್ದ 14 ಡಬ್ಬಿ? ಒಂದು ಡಬ್ಬಿಯ ಉಂಡಿ ಮುರಿದು ಗಟ್ಟಿ ಚೂರು ಆರಿಸಲು ನೋಡಿದೆವು. ಮುಕ್ಕಾಲು ಗಂಟೆ ಹಿಡಿಯಿತು, ಆದರೂ ನಂಬಿಕೆ ಬರಲಿಲ್ಲ. ಅಷ್ಟು ತುಪ್ಪ ಬಾದಾಮಿ ಚೆಲ್ಲಲು ವೈನಿಗೆ ಮನಸ್ಸಾಗಲಿಲ್ಲ. ರಾತ್ರಿ ಹಾಲಿನಲ್ಲಿ ನೆನೆಸಿ, ಪೂರ್ತಿ ಉಬ್ಬಿದ ಮೇಲೆ ಬೆಳಿಗ್ಗೆ ಕುದಿಸಿ ಪಾಯಸ ಮಾಡಿದರು. ಮನೆಯವರೇ ಹತ್ತು ದಿನ ತಿಂದೆವು. ರುಚಿಯಾಗಿಯೇ ಇತ್ತು.

ಈಗ

ಈಗ ವೈನಿ ಚೂರು ಕೊಳ್ಳುವುದಿಲ್ಲ. ಹೊಸ ಚೀಲದಿಂದ ಮೊದಲು ನೂರು ಗ್ರಾಂ ತಂದು, ಬೇರೆ ಬೇರೆ ಕಡೆಯಿಂದ 24 ತುಂಡು ಆರಿಸಿ, ರಾತ್ರಿ ಪಡ್ಡಿನ ಹಂಚಿನಲ್ಲಿ ನೆನೆಸುತ್ತಾರೆ. ಒಂದೇ ಒಂದು ಗುಳಿ ತುಂಬಿ ನಿಂತರೂ ಆ ಚೀಲ ಬೇಡ. ಆಮೇಲೆ ಒಂದು ಚಮಚ ಕರಿದು, ಪ್ರತಿ ತುಂಡನ್ನೂ ಬೆರಳಲ್ಲಿ ಒತ್ತಿ ನೋಡುತ್ತಾರೆ. ಕರಿದಿದ್ದನ್ನು ನೇರ ಪುಡಿ ಮಾಡದೆ ಮೊದಲು ತಟ್ಟೆಯಲ್ಲಿ ಹರಡುತ್ತಾರೆ. ಅರಳದ್ದು ಅಲ್ಲೇ ಕಾಣುತ್ತದೆ. ಪ್ರತಿ ಚೀಲದ ಒಂದು ಹಿಡಿ ಅಂಟನ್ನು ಸಣ್ಣ ಬಾಟಲಿಯಲ್ಲಿ ತೆಗೆದಿಟ್ಟು ತಾರೀಕು, ಅಂಗಡಿ, ಮರದ ಹೆಸರು ಬರೆಯುತ್ತಾರೆ. ಡಬ್ಬಿಯ ಚೀಟಿಯ ಮೇಲೆ ಮೊದಲು "ಅಂಟು" ಅಂತ ಇತ್ತು. ಈಗ "ದಿಂಡಿಗ ಮರದ ಅಂಟು" ಅಂತ ಇದೆ.

ಈ ಮಾಘದಲ್ಲಿ ವೈನಿಯ ಅಪ್ಪ ಊರಿಂದ ಬಂದಿದ್ದರು. ಬರುವಾಗ ಮುಕ್ಕಾಲು ಕಿಲೋ ಅಂಟು ಹಳೆ ಪತ್ರಿಕೆಯಲ್ಲಿ ಕಟ್ಟಿಕೊಂಡು ತಂದಿದ್ದರು. ಮಗಳ ತಾಪತ್ರಯ ಎಲ್ಲ ಫೋನಿನಲ್ಲಿ ಕೇಳಿದ್ದರಲ್ಲ, ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದರು: "ಬಾವಿ ಹೊಲದ ಬದುವಿನ ಜಾಲಿ. ಮೂಡಣ ದಿಕ್ಕಿನ ಎರಡು ಗಿಡ." ವೈನಿ ಆ ಕಾಗದವನ್ನು ಹರಿದು, ಮಡಚಿ, ಬಾಟಲಿಯ ಒಳಗೇ ಹಾಕಿಟ್ಟಿದ್ದಾರೆ.